ಎರೆಹುಳು ಇದ್ದರೆ ಸಾಲದು, ಯಾವ ಎರೆಹುಳು ಎಂದು ನೋಡಬೇಕು



'ಎರೆಹುಳು ರೈತನ ಮಿತ್ರ' ಎಂಬ ಮಾತನ್ನು ನಾವೆಲ್ಲರೂ ಶಾಲೆಯ ಪಾಠದಲ್ಲಿ ಓದಿದ್ದೇವೆ, ಕೃಷಿ ತರಬೇತಿಗಳಲ್ಲಿ ಕೇಳಿದ್ದೇವೆ. ಮಾತು ಸುಳ್ಳಲ್ಲ. 1881ರಲ್ಲಿ ಚಾರ್ಲ್ಸ್ ಡಾರ್ವಿನ್ ಎರೆಹುಳುಗಳ ಕುರಿತಾಗಿಯೇ ಒಂದು ಪುಸ್ತಕ ಬರೆದರು. ಇಂಗ್ಲೆಂಡಿನ ಅನೇಕ ಕಡೆಗಳಲ್ಲಿ ಒಂದು ಎಕರೆ ನೆಲದಲ್ಲಿ ವರ್ಷಕ್ಕೆ 10 ಟನ್ನಿಗೂ ಮಿಕ್ಕಿದ ಮಣ್ಣು ಎರೆಹುಳುಗಳ ಹೊಟ್ಟೆಯ ಮೂಲಕ ಹಾದು ಮೇಲಕ್ಕೆ ಬರುತ್ತದೆ ಎಂದು ಅವರು ಲೆಕ್ಕ ಹಾಕಿದ್ದರು. ಆ ದಿನದಿಂದ ಈ ಬಡ ಜೀವಿಗೆ ಒಂದು ಗೌರವದ ಸ್ಥಾನ ಸಿಕ್ಕಿತು.

ಆದರೆ ಈ ಮಾತನ್ನು ಕಣ್ಣು ಮುಚ್ಚಿ ನಂಬಿದರೆ ಒಂದು ಅಪಾಯವಿದೆ. ತೋಟದಲ್ಲಿ ಗುದ್ದಲಿ ಹಾಕಿದಾಗ ಹತ್ತು ಹುಳು ಕಂಡರೆ 'ಮಣ್ಣು ಚೆನ್ನಾಗಿದೆ' ಎಂದು ಸಮಾಧಾನಪಟ್ಟುಕೊಳ್ಳುತ್ತೇವೆ. ಆ ಹತ್ತೂ ಹುಳುಗಳು ಒಂದೇ ಜಾತಿಯವಾಗಿದ್ದು, ಆ ಜಾತಿಯೂ ಪರದೇಶದಿಂದ ಬಂದದ್ದಾಗಿದ್ದರೆ, ಮಣ್ಣು ಚೆನ್ನಾಗಿದೆ ಎಂದು ಹೇಳಲು ಬರುವುದಿಲ್ಲ. ಅದು ಮಣ್ಣು ಸೊರಗುತ್ತಿರುವ ಗುರುತೂ ಆಗಿರಬಹುದು. ಹುಳುಗಳನ್ನು ಎಣಿಸುವುದಕ್ಕೆ ಮೊದಲು ಅವು ಎಷ್ಟು ಬಗೆಯವು ಎಂದು ನೋಡುವ ಅಭ್ಯಾಸವನ್ನು ನಮ್ಮ ಕೃಷಿಕ ಕುಟುಂಬಗಳು ಬೆಳೆಸಿಕೊಳ್ಳಬೇಕು ಎಂಬುದು ನಮ್ಮ ಅಭಿಪ್ರಾಯ.

ದೂರದಿಂದ ಬಂದ ಅತಿಥಿ

ನಾವು ಹೇಳಹೊರಟಿರುವ ಹುಳುವಿನ ಶಾಸ್ತ್ರೀಯ ಹೆಸರು ಪಾಂಟೊಸ್ಕೊಲೆಕ್ಸ್ ಕೊರೆಥ್ರುರಸ್. ಇದರ ತವರು ದಕ್ಷಿಣ ಅಮೆರಿಕದ ಉತ್ತರ ಭಾಗದಲ್ಲಿರುವ ಗಯಾನಾ ಪ್ರದೇಶ. 1857ರಲ್ಲಿ ಬ್ರೆಜಿಲಿನಲ್ಲಿ ನೆಲೆಸಿದ್ದ ಫ್ರಿಟ್ಸ್ ಮ್ಯುಲರ್ ಎಂಬ ಜರ್ಮನ್ ವಿಜ್ಞಾನಿ ಇದನ್ನು ಮೊದಲು ವರ್ಣಿಸಿದರು. ಇದರ ಬಾಲದ ಮೇಲಿನ ಸಣ್ಣ ಮುಳ್ಳಿನಂಥ ರೋಮಗಳು ಉಳಿದ ಮೈಯ ರೋಮಗಳಿಗಿಂತ ದೊಡ್ಡವು. ಅವು ಸಾಲಾಗಿರದೆ, ಒಂದು ಬಿಟ್ಟು ಒಂದರಂತೆ ಅಡ್ಡಾದಿಡ್ಡಿಯಾಗಿ ಇರುತ್ತವೆ. ಕುಂಚದ ಹಾಗಿರುವ ಈ ಬಾಲದಿಂದಲೇ ಅದಕ್ಕೆ ಆ ಹೆಸರು ಬಂತು. ಓದಲು ಸುಲಭವಾಗಲೆಂದು ಈ ಲೇಖನದಲ್ಲಿ ಇದನ್ನು 'ಕುಂಚಬಾಲದ ಹುಳು' ಎಂದು ಕರೆಯೋಣ.

ಇಂದು ಉಷ್ಣವಲಯದ ಬಹುತೇಕ ಎಲ್ಲ ದೇಶಗಳಲ್ಲೂ ಇದು ಇದೆ. ಗಿಡಗಳ ಬೇರಿಗೆ ಅಂಟಿದ ಮಣ್ಣಿನೊಂದಿಗೆ ಇದು ದೇಶದಿಂದ ದೇಶಕ್ಕೆ ಹೋಯಿತು. ಪಶ್ಚಿಮ ಘಟ್ಟದ ತಪ್ಪಲಿನಲ್ಲೂ ಕೇರಳದ ರಬ್ಬರ್ ತೋಟಗಳಲ್ಲೂ ಇದು ಬೀಡುಬಿಟ್ಟು ಬಹಳ ಕಾಲವಾಗಿದೆ. ತ್ರಿಪುರಾ ರಾಜ್ಯದ ರಬ್ಬರ್ ತೋಟಗಳನ್ನು ಪರಿಶೀಲಿಸಿದವರು, ಅಲ್ಲಿನ ಎರೆಹುಳುಗಳಲ್ಲಿ ಅರ್ಧಕ್ಕಿಂತಲೂ ಹೆಚ್ಚು ಪಾಲು ಈ ಒಂದೇ ಜಾತಿಯದ್ದು ಎಂದು ಕಂಡುಕೊಂಡಿದ್ದಾರೆ.

ಇಷ್ಟು ವೇಗವಾಗಿ ಹಬ್ಬಲು ಕಾರಣವೇನು? ಮೊದಲನೆಯದಾಗಿ, ಇದು ಜೋಡಿಯಿಲ್ಲದೆಯೂ ಮೊಟ್ಟೆ ಇಡಬಲ್ಲುದು. ಒಂದು ಗಿಡದ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಒಂದೇ ಒಂದು ಹುಳು ಬಂದರೂ ಸಾಕು, ಒಂದು ಸಂಸಾರ ಆರಂಭವಾಗುತ್ತದೆ. ಎರಡನೆಯದಾಗಿ, ಇದಕ್ಕೆ ಒಳ್ಳೆಯ ಮಣ್ಣೇ ಬೇಕೆಂದಿಲ್ಲ. ಹುಳಿ ಮಣ್ಣು, ಬಡ ಮಣ್ಣು, ಕಾಡು ಕಡಿದು ಬೋಳಾದ ನೆಲ, ಎಲ್ಲದಕ್ಕೂ ಹೊಂದಿಕೊಳ್ಳುತ್ತದೆ. ಮೂರನೆಯದಾಗಿ, ಇದು ತರಗೆಲೆಗಿಂತ ಹೆಚ್ಚಾಗಿ ಮಣ್ಣನ್ನೇ ತಿಂದು ಬದುಕುವ ಹುಳು. ದಿನವೊಂದಕ್ಕೆ ತನ್ನ ಮೈತೂಕದ ಹಲವು ಪಟ್ಟು ಮಣ್ಣನ್ನು ನುಂಗಿ ಹೊರಹಾಕುತ್ತದೆ. ಕಾಡಿನ ನೆರಳು, ತರಗೆಲೆಯ ಹೊದಿಕೆ ಹೋದಾಗ ನಮ್ಮ ನಾಡಿನ ಹುಳುಗಳು ಹಿಂದೆ ಸರಿಯುತ್ತವೆ. ಖಾಲಿಯಾದ ಮನೆಗೆ ಈ ಅತಿಥಿ ನುಗ್ಗಿ ಯಜಮಾನನಾಗುತ್ತದೆ.

ಮನಾವುಸ್ ಕಲಿಸಿದ ಪಾಠ

ಹೀಗೆ ಯಜಮಾನನಾದ ಮೇಲೆ ಏನಾಗುತ್ತದೆ ಎಂಬುದಕ್ಕೆ ಅತ್ಯಂತ ಸ್ಪಷ್ಟ ಉದಾಹರಣೆ ಬ್ರೆಜಿಲ್ ದೇಶದ ಅಮೆಜಾನ್ ಸೀಮೆಯ ಮನಾವುಸ್ ಪಟ್ಟಣದ ಹತ್ತಿರ ದೊರಕಿದೆ. ಅಲ್ಲಿ ಕಾಡು ಕಡಿದು ದನ ಮೇಯಿಸುವುದಕ್ಕೆ ಹುಲ್ಲುಗಾವಲು ಮಾಡಿದ್ದರು. ಕಾಡಿನ ಮಣ್ಣಿನಲ್ಲಿದ್ದ ನಾನಾ ಬಗೆಯ ಹುಳುಹುಪ್ಪಟೆಗಳು ಅಳಿದು, ಕುಂಚಬಾಲದ ಹುಳು ಮಾತ್ರ ಹೆಚ್ಚಿತು. ಅರ್ಮಾನ್ ಶೋವೆಲ್ ಮತ್ತು ಅವರ ಸಂಗಡಿಗರು 1999ರಲ್ಲಿ 'ನೇಚರ್' ಎಂಬ ವಿಜ್ಞಾನ ಪತ್ರಿಕೆಯಲ್ಲಿ ಅದರ ವಿವರ ಪ್ರಕಟಿಸಿದರು. ಮಣ್ಣಿನೊಳಗಿನ ಪ್ರಾಣಿಗಳ ಒಟ್ಟು ತೂಕದಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಪಾಲು ಈ ಒಂದು ಹುಳುವಿನದೇ ಆಗಿತ್ತು. ಹೆಕ್ಟೇರಿಗೆ, ಅಂದರೆ ಸುಮಾರು ಎರಡೂವರೆ ಎಕರೆಗೆ, ವರ್ಷವೊಂದಕ್ಕೆ 100 ಟನ್ನಿಗಿಂತ ಹೆಚ್ಚು ಒಣ ಹಿಕ್ಕೆಯನ್ನು ಅದು ಹಾಕುತ್ತಿತ್ತು.

ಹಿಕ್ಕೆ ಬಿದ್ದರೆ ಒಳ್ಳೆಯದಲ್ಲವೇ ಎಂದು ಕೇಳಬಹುದು. ಈ ಹುಳುವಿನ ಹಸಿ ಹಿಕ್ಕೆ ಜೇಡಿಮಣ್ಣು ಕಲಸಿಟ್ಟಂತೆ ಅಂಟಂಟಾಗಿರುತ್ತದೆ. ಒಂದರ ಮೇಲೊಂದು ಬಿದ್ದು, ಕೂಡಿಕೊಂಡು, ನೆಲದ ಮೇಲ್ಭಾಗದಲ್ಲಿ ಒಂದು ದಪ್ಪ ಪದರವಾಗುತ್ತದೆ. ಮಣ್ಣಿನೊಳಗೆ ಗಾಳಿ, ನೀರು ಓಡಾಡುವ ದೊಡ್ಡ ರಂಧ್ರಗಳು ಮುಚ್ಚಿಹೋಗುತ್ತವೆ. ಮನಾವುಸಿನಲ್ಲಿ ಆ ರಂಧ್ರಗಳು ಭಾರೀ ಯಂತ್ರ ಓಡಿಸಿದ ನೆಲದಲ್ಲಿ ಕಾಣುವಷ್ಟೇ ಕಡಿಮೆಯಾಗಿದ್ದವು. ಮಳೆಗಾಲದಲ್ಲಿ ನೀರು ಇಂಗದೆ ಮೇಲೆ ಕೆಸರಾಯಿತು. ಬೇಸಗೆಯಲ್ಲಿ ಅದೇ ಪದರ ಒಣಗಿ ಬಿರುಕುಬಿಟ್ಟಿತು, ಬೇರಿಗೆ ನೀರೆಳೆಯಲು ಆಗದೆ ಹುಲ್ಲು ಸತ್ತು ಅಲ್ಲಲ್ಲಿ ನೆಲ ಬೋಳಾಯಿತು.

ಕಾಡಿನಲ್ಲಿದ್ದಾಗ ಅದೇ ಹುಳು ಈ ಹಾನಿ ಮಾಡುವುದಿಲ್ಲ. ಏಕೆಂದರೆ ಅಲ್ಲಿ ಅದರ ಹಿಂದೆಯೇ ಬೇರೆ ಜೀವಿಗಳು ಕೆಲಸ ಮಾಡುತ್ತಿರುತ್ತವೆ. ಆಫ್ರಿಕದ ಐವರಿ ಕೋಸ್ಟ್ ದೇಶದ ಲಾಮ್ಟೊ ಎಂಬಲ್ಲಿ ಬೇರೆ ಜಾತಿಯ ಹುಳುಗಳ ಮೇಲೆ ನಡೆದ ಅಧ್ಯಯನಗಳು ಇದನ್ನು ಚೆನ್ನಾಗಿ ತೋರಿಸಿವೆ. ಕೆಲವು ದೊಡ್ಡ ಹುಳುಗಳು ಮಣ್ಣನ್ನು ಗಟ್ಟಿ ಹೆಂಟೆ ಮಾಡುತ್ತವೆ. ಕೆಲವು ಸಣ್ಣ ಹುಳುಗಳು ಆ ಹೆಂಟೆಯನ್ನು ತಿಂದು ಪುಡಿ ಮಾಡುತ್ತವೆ. ಒಬ್ಬ ಕಟ್ಟುವವ, ಇನ್ನೊಬ್ಬ ಬಿಚ್ಚುವವ. ಇಬ್ಬರೂ ಇದ್ದರೆ ಮಣ್ಣು ಹದವಾಗಿರುತ್ತದೆ. ಕಟ್ಟುವವನೊಬ್ಬನೇ ಉಳಿದರೆ ನೆಲ ಸಿಮೆಂಟಿನಂತಾಗುತ್ತದೆ.

ಇದರಲ್ಲಿ ಒಂದು ಸಮಾಧಾನದ ಸುದ್ದಿಯೂ ಇದೆ. ಮನಾವುಸಿನಲ್ಲೇ ಬಾರೋಸ್ ಮತ್ತು ಸಂಗಡಿಗರು ಹುಲ್ಲುಗಾವಲಿನ ಗಟ್ಟಿ ಮಣ್ಣನ್ನು ಚೌಕಾಕಾರವಾಗಿ ಕಡಿದು ತೆಗೆದು ಕಾಡಿನೊಳಗೆ ಇಟ್ಟು ನೋಡಿದರು. 2001ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಕಾಡಿನ ಜೀವಿಗಳು ಒಳಹೊಕ್ಕು ಒಂದೇ ವರ್ಷದಲ್ಲಿ ಆ ಮಣ್ಣನ್ನು ಮತ್ತೆ ಸಡಿಲಗೊಳಿಸಿದವು. ಅಂದರೆ ಕೆಟ್ಟ ಮಣ್ಣು ಸರಿಯಾಗಬಲ್ಲುದು. ಅದಕ್ಕೆ ಬೇಕಾದ ಕೆಲಸಗಾರರು ಹತ್ತಿರದಲ್ಲಿ ಎಲ್ಲಿಯಾದರೂ ಬದುಕಿ ಉಳಿದಿರಬೇಕು, ಅಷ್ಟೇ.

ಅದೇ ಹುಳು, ಬೇರೆ ಫಲ

ಇನ್ನು ಇನ್ನೊಂದು ಮುಖವನ್ನೂ ಹೇಳದಿದ್ದರೆ ಅನ್ಯಾಯವಾದೀತು. 1990ರ ದಶಕದಲ್ಲಿ ನಮ್ಮ ನೆರೆಯ ತಮಿಳುನಾಡಿನ ಬೆಟ್ಟದ ಚಹಾ ತೋಟಗಳಲ್ಲಿ ಸಂಬಲಪುರ ವಿಶ್ವವಿದ್ಯಾಲಯದ ಬಿಕ್ರಮ್ ಸೇನಾಪತಿ ಮತ್ತು ಫ್ರಾನ್ಸಿನ ಪಾಟ್ರಿಕ್ ಲಾವೆಲ್ ಮೊದಲಾದವರು ಒಂದು ಪ್ರಯೋಗ ನಡೆಸಿದರು. ವರ್ಷಾನುಗಟ್ಟಲೆ ರಾಸಾಯನಿಕ ಗೊಬ್ಬರ ಉಂಡು ಸುಸ್ತಾಗಿದ್ದ ಹಳೆಯ ತೋಟಗಳವು. ಚಹಾ ಗಿಡಗಳ ಸಾಲಿನ ನಡುವೆ ಕಣಿ ತೋಡಿ, ಕಡಿದ ಚಹಾ ಗೆಲ್ಲುಗಳನ್ನೂ ಸೆಗಣಿ ಮೊದಲಾದ ಗೊಬ್ಬರವನ್ನೂ ತುಂಬಿ, ಅದರಲ್ಲಿ ಎರೆಹುಳು ಬಿಟ್ಟರು. ಆ ಹುಳುಗಳಲ್ಲಿ ಕುಂಚಬಾಲದ ಹುಳುವೂ ಇತ್ತು. ಬರೇ ರಾಸಾಯನಿಕ ಗೊಬ್ಬರ ಹಾಕಿದ ಕಡೆಗಿಂತ ಅಲ್ಲಿ ಚಹಾ ಇಳುವರಿ ಗಮನಾರ್ಹವಾಗಿ ಹೆಚ್ಚಿತು.

ಒಂದು ಕಡೆ ಹುಲ್ಲನ್ನೇ ಸಾಯಿಸಿದ ಹುಳು, ಇನ್ನೊಂದು ಕಡೆ ಚಿಗುರು ಹೆಚ್ಚಿಸಿತು. ಇದರಿಂದ ನಾವು ತಿಳಿಯಬೇಕಾದದ್ದೇನು? ನೆಲದಲ್ಲಿ ಸೊಪ್ಪು, ಗೆಲ್ಲು, ಗೊಬ್ಬರ ಯಥೇಚ್ಛವಾಗಿದ್ದರೆ, ಜತೆಗೆ ಬೇರೆ ಹುಳುಗಳೂ ಇದ್ದರೆ, ಈ ಅತಿಥಿ ಕೂಲಿಯಾಳಿನಂತೆ ಕೆಲಸ ಮಾಡುತ್ತದೆ. ನೆಲ ಬೋಳಾಗಿದ್ದು ತಾನೊಂದೇ ಇದ್ದರೆ ಮನೆ ಹಾಳು ಮಾಡುತ್ತದೆ. ಆದುದರಿಂದ ತಪ್ಪನ್ನೆಲ್ಲ ಹುಳುವಿನ ತಲೆಗೆ ಕಟ್ಟುವುದು ಸರಿಯಲ್ಲ. ಅದಕ್ಕೆ ಬಾಗಿಲು ತೆರೆದುಕೊಡುವುದು ನಮ್ಮ ಕೃಷಿಯ ರೀತಿ.

ನಮ್ಮ ಗುಡ್ಡೆಗಳಲ್ಲಿ ಏಕೆ ಚಿಂತಿಸಬೇಕು?

'ಈ ಹುಳು ಬಂದು ಎಷ್ಟೋ ಕಾಲವಾಯಿತು, ನಮ್ಮ ಅಡಿಕೆ ತೆಂಗು ಇನ್ನೂ ಫಸಲು ಕೊಡುತ್ತಿವೆಯಲ್ಲ' ಎಂದು ಕೆಲವರು ಹೇಳಬಹುದು. ಹೌದು, ಬೈಲಿನ ಅಡಿಕೆ ತೋಟಗಳಲ್ಲಿ ಹಿರಿಯರು ವರ್ಷ ವರ್ಷವೂ ಸೊಪ್ಪು ಹಾಕಿ, ಹಟ್ಟಿಗೊಬ್ಬರ ಹಾಕಿ ಮಣ್ಣನ್ನು ಸಾಕಿದ್ದಾರೆ. ಅಂಥ ಮಣ್ಣಿಗೆ ಭಯ ಕಡಿಮೆ. ಭಯವಿರುವುದು ಗುಡ್ಡೆಗಳಲ್ಲಿ. ನಾನಾ ಮರಗಳಿದ್ದ ಗುಡ್ಡೆಯನ್ನು ಯಂತ್ರದಿಂದ ಸಮತಟ್ಟು ಮಾಡಿ, ಒಂದೇ ಬೆಳೆ ನೆಟ್ಟು, ಹುಲ್ಲು ಬಂದ ಹಾಗೆಲ್ಲ ಕಳೆನಾಶಕ ಹೊಡೆದು, ಬಿದ್ದ ಎಲೆಯನ್ನು ಗುಡಿಸಿ ಸುಡುವ ಪದ್ಧತಿ ಹೆಚ್ಚುತ್ತಿದೆ. ಹಟ್ಟಿಯಲ್ಲಿ ದನಗಳೂ ಕಡಿಮೆಯಾಗಿವೆ. ನೆಲ ಬೋಳು, ಬೆಳೆ ಒಂದೇ, ಗೊಬ್ಬರ ಇಲ್ಲ. ಮನಾವುಸಿನ ಕಥೆಗೆ ಬೇಕಾದ ಸಾಮಗ್ರಿಗಳೆಲ್ಲ ಇಲ್ಲಿ ಕೂಡಿಬರುತ್ತವೆ.

ಕಾಸರಗೋಡಿನ ಕಡೆ ಅನೇಕ ಮನೆಗಳು ಕುಡಿಯುವ ನೀರಿಗೂ ತೋಟಕ್ಕೂ ಸುರಂಗಗಳನ್ನೇ ನಂಬಿವೆ. ಮುರಕಲ್ಲಿನ ಗುಡ್ಡೆಯ ಮೇಲೆ ಬಿದ್ದ ಮಳೆ ಮಣ್ಣಿನ ರಂಧ್ರಗಳ ಮೂಲಕ ಇಳಿದು ಸುರಂಗಕ್ಕೂ ಬಾವಿಗೂ ಬರಬೇಕು. ಗುಡ್ಡೆಯ ಮೇಲ್ಮಣ್ಣೇ ನೀರು ಕುಡಿಯದಿದ್ದರೆ, ಆಟಿ ತಿಂಗಳ ಮಳೆ ಕೆಂಪಾಗಿ ತೋಡಿಗೆ ಹರಿದುಹೋಗುತ್ತದೆ, ಮಾರ್ಚಿ ತಿಂಗಳಲ್ಲಿ ಸುರಂಗ ಒಣಗುತ್ತದೆ. ನೀರು ಕಡಿಮೆಯಾಗಲು ಬೇರೆ ಕಾರಣಗಳೂ ಇವೆ, ಎಲ್ಲವನ್ನೂ ಒಂದು ಹುಳುವಿನ ಮೇಲೆ ಹೊರಿಸಲಾಗದು. ಆದರೆ ಕುಟುಂಬದ ಆರೋಗ್ಯ ಶುದ್ಧ ನೀರಿನಿಂದ ಆರಂಭವಾಗುವುದಾದರೆ, ಆ ನೀರು ಗುಡ್ಡೆಯ ಮೇಲಿನ ಒಂದು ಗೇಣು ಮಣ್ಣಿನಿಂದ ಆರಂಭವಾಗುತ್ತದೆ ಎಂಬುದನ್ನು ಮರೆಯಬಾರದು.

ಹಾಗೆಯೇ, ಅಡಿಕೆಯ ಹಳದಿ ರೋಗವನ್ನೋ ಕೊಳೆರೋಗವನ್ನೋ ಈ ಹುಳುವಿಗೆ ಅಂಟಿಸಲು ಯಾರೂ ಹೋಗಬಾರದು. ಅವುಗಳ ಕಾರಣಗಳು ಬೇರೆ, ಉಪಾಯಗಳೂ ಬೇರೆ.

ಕಾಡಿನ ಬದಿಯಲ್ಲಿರುವ ವಯನಾಡು, ನೀಲಗಿರಿಯ ಬಂಧುಗಳಿಗೆ ಇನ್ನೊಂದು ಮಾತು. ಭಾರತದಲ್ಲಿ 400ಕ್ಕೂ ಹೆಚ್ಚು ಜಾತಿಯ ಎರೆಹುಳುಗಳನ್ನು ಗುರುತಿಸಿದ್ದಾರೆ. ಅವುಗಳಲ್ಲಿ ಬಹುಪಾಲು ಈ ನೆಲದವೇ. ಪಶ್ಚಿಮ ಘಟ್ಟದಲ್ಲಿ ಬೇರೆಲ್ಲೂ ಸಿಗದ ಎಷ್ಟೋ ಜಾತಿಗಳಿವೆ. ಹೊರಗಿನ ಹುಳು ಕಾಡಿಗೆ ಹೊಕ್ಕರೆ ಏನಾಗಬಹುದೆಂದು ಅಮೆರಿಕದವರು ನೋಡುತ್ತಿದ್ದಾರೆ. ಅಲ್ಲಿನ ಉತ್ತರ ಭಾಗದ ಕಾಡುಗಳಲ್ಲಿ ಹಿಮಯುಗದ ನಂತರ ಎರೆಹುಳುಗಳೇ ಇರಲಿಲ್ಲ. ಯುರೋಪಿನಿಂದ ಗಿಡದ ಮಣ್ಣಿನ ಜತೆಗೆ ಬಂದ ಹುಳುಗಳು, ಮೀನು ಹಿಡಿಯುವವರು ಗಾಳಕ್ಕೆಂದು ಒಯ್ದು ಉಳಿದದ್ದನ್ನು ದಡದಲ್ಲಿ ಚೆಲ್ಲಿದ ಹುಳುಗಳು, ಕಾಡಿನ ತರಗೆಲೆಯ ಹೊದಿಕೆಯನ್ನೇ ತಿಂದುಹಾಕಿದವು. ಅದರ ಅಡಿಯಲ್ಲಿ ಮೊಳೆಯುತ್ತಿದ್ದ ಸಣ್ಣ ಗಿಡಗಳು, ಜರಿಗಿಡಗಳು ಕಡಿಮೆಯಾದವು. ಪೂರ್ವ ಏಷ್ಯಾದಿಂದ ಬಂದ 'ಜಿಗಿಯುವ ಹುಳು' ಇನ್ನೂ ಚುರುಕಿನದು. ವಿಸ್ಕಾನ್ಸಿನ್ ರಾಜ್ಯದಲ್ಲಿ ಅದು 2013ರಲ್ಲಿ ಪತ್ತೆಯಾಯಿತು. ಒಮ್ಮೆ ಕಾಡಿಗೆ ಸೇರಿದ ಹುಳುವನ್ನು ತೆಗೆಯುವ ಉಪಾಯ ಯಾರ ಬಳಿಯೂ ಇಲ್ಲ.

ಗೊಬ್ಬರದ ತೊಟ್ಟಿಯ ಹುಳು ಬೇರೆ

ಇಷ್ಟು ಓದಿ ಯಾರೂ ಮನೆಯ ಎರೆಗೊಬ್ಬರದ ತೊಟ್ಟಿಯನ್ನು ಒಡೆದುಹಾಕಬಾರದು. ತೊಟ್ಟಿಯಲ್ಲಿ ನಾವು ಸಾಕುವ ಹುಳುಗಳು ಬೇರೆ ಜಾತಿಯವು. ಐಸೀನಿಯಾ ಫೆಟಿಡಾ ಯುರೋಪಿನದು, ಯುಡ್ರಿಲಸ್ ಯುಜಿನಿಯೆ ಪಶ್ಚಿಮ ಆಫ್ರಿಕದ್ದು. ಪೆರಿಯೋನಿಕ್ಸ್ ಎಕ್ಸ್‌ಕವೇಟಸ್ ನಮ್ಮ ಕಡೆಯದೇ. ಇವು ಮಣ್ಣು ತಿನ್ನುವ ಹುಳುಗಳಲ್ಲ, ಸೆಗಣಿ, ಕೊಳೆತ ಸೊಪ್ಪು ತಿನ್ನುವವು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಸ್ಥಳೀಯವಾಗಿ ಸಿಕ್ಕಿದ ಯುಡ್ರಿಲಸ್ ಹುಳುವಿನಿಂದಲೇ ತೆಂಗಿನ ಮಡಲನ್ನು ಗೊಬ್ಬರ ಮಾಡುವ ವಿಧಾನವನ್ನು ರೂಪಿಸಿದ್ದಾರೆ. ಒಲೆಗೆ ಹಾಕಿ ಸುಡುತ್ತಿದ್ದ ಮಡಲು ಸುಮಾರು ಮೂರು ತಿಂಗಳಲ್ಲಿ ಒಳ್ಳೆಯ ಗೊಬ್ಬರವಾಗುತ್ತದೆ. ಇದು ಪ್ರತಿ ಮನೆಯಲ್ಲೂ ಆಗಬೇಕಾದ ಕೆಲಸ.

ನಮ್ಮ ವಿರೋಧ ಇರುವುದು, ಹುಳುವನ್ನು ಕಿಲೋ ಲೆಕ್ಕದಲ್ಲಿ ಕೊಂಡು ತಂದು ತೋಟಕ್ಕೆ ಸುರಿಯುವ ಪದ್ಧತಿಗೆ. ತೊಟ್ಟಿಯ ಹುಳು ಸೆಗಣಿ ಸೊಪ್ಪು ಇಲ್ಲದ ಮಣ್ಣಿನಲ್ಲಿ ಹೆಚ್ಚು ದಿನ ಬಾಳುವುದಿಲ್ಲ, ಕೊಟ್ಟ ಹಣ ನೀರಿಗೆ ಹಾಕಿದಂತೆ. ಇನ್ನು ಯಾವ ಹುಳು ಎಂದು ತಿಳಿಯದೆ ತಂದ ಹುಳು ಬಾಳಿ ಹಬ್ಬಿದರೆ ಅದು ಇನ್ನೂ ದೊಡ್ಡ ತೊಂದರೆ. ಚೆನ್ನೈಯ ಸುಲ್ತಾನ್ ಇಸ್ಮಾಯಿಲ್ ಅವರಂಥ ತಜ್ಞರು, ಲ್ಯಾಂಪಿಟೊ ಮಾರಿಟಿ, ಪೆರಿಯೋನಿಕ್ಸ್ ಮೊದಲಾದ ಸ್ಥಳೀಯ ಹುಳುಗಳಿಂದಲೇ ಕೆಲಸ ಮಾಡಿಸಬಹುದೆಂದು ದಶಕಗಳಿಂದ ತೋರಿಸಿಕೊಟ್ಟಿದ್ದಾರೆ. ತೋಟಕ್ಕೆ ಬೇಕಾದದ್ದು ಗೊಬ್ಬರ. ಗೊಬ್ಬರ ಮತ್ತು ನೆರಳು ಕೊಟ್ಟರೆ ಹುಳು ತಾನಾಗಿ ಬರುತ್ತದೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಮಳೆಗಾಲದ ನಡುವೆ, ಜುಲಾಯಿ ಅಥವಾ ಆಗಸ್ಟ್ ತಿಂಗಳಲ್ಲಿ, ತೋಟದ ಮೂರು ನಾಲ್ಕು ಕಡೆ ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಆಳದ ಗುಂಡಿ ತೆಗೆಯಿರಿ. ಮಣ್ಣನ್ನು ಗೋಣಿಯ ಮೇಲೆ ಹರಡಿ ಕೈಯಿಂದ ಹುಡುಕಿ, ಸಿಕ್ಕಿದ ಹುಳುಗಳನ್ನು ಬಣ್ಣ, ಗಾತ್ರ ನೋಡಿ ಬೇರೆ ಬೇರೆ ಮಾಡಿ. ಕುಂಚಬಾಲದ ಹುಳು ಸಾಧಾರಣವಾಗಿ ಬೆರಳುದ್ದದ್ದು, ಕಡುಬಣ್ಣ ಇಲ್ಲದೆ ಪೇಲವವಾಗಿರುತ್ತದೆ. ಬೆಳೆದ ಹುಳುವಿಗೆ ತಲೆಯ ಕಡೆ ಹಳದಿ ಅಥವಾ ಕಿತ್ತಳೆ ಛಾಯೆಯ ಪಟ್ಟಿ ಇರುತ್ತದೆ. ಬಾಲದ ತುದಿಯನ್ನು ಬೆರಳಿನಲ್ಲಿ ಸವರಿದರೆ ತರಿತರಿಯಾಗಿ ತಾಗುತ್ತದೆ. ಮೂರು ನಾಲ್ಕು ಬಗೆಯ ಹುಳು ಸಿಕ್ಕಿದರೆ ಸಂತೋಷಪಡಿ. ಎಲ್ಲವೂ ಈ ಒಂದೇ ಬಗೆಯದಾಗಿದ್ದು, ಮಣ್ಣು ಪುಡಿಯಾಗದೆ ಹೆಂಟೆ ಹೆಂಟೆಯಾಗಿ ಬಂದರೆ ಎಚ್ಚರವಹಿಸಿ.

ಇನ್ನೊಂದು ಪರೀಕ್ಷೆ ಬೇಸಗೆಯಲ್ಲಿ. ಎರಡೂ ಕಡೆ ತೆರೆದ ಒಂದು ಡಬ್ಬಿಯನ್ನು ಮಣ್ಣಿನಲ್ಲಿ ಎರಡು ಇಂಚು ಒತ್ತಿ, ಒಂದು ಲೀಟರು ನೀರು ಹೊಯ್ದು, ಎಷ್ಟು ಹೊತ್ತಿನಲ್ಲಿ ಇಂಗುತ್ತದೆ ಎಂದು ಗಡಿಯಾರ ನೋಡಿ. ಮರಗಳ ನೆರಳಿನ ತರಗೆಲೆಯ ನೆಲದಲ್ಲೂ ಬೋಳು ನೆಲದಲ್ಲೂ ಮಾಡಿ ಹೋಲಿಸಿ. ಮಕ್ಕಳನ್ನು ಜತೆಗೆ ಕೂರಿಸಿಕೊಂಡು ಮಾಡಿದರೆ ಅವರಿಗೂ ಇದೊಂದು ಪಾಠವಾದೀತು.

ಎಚ್ಚರವೆಂದರೆ ವಿಷ ಹಾಕುವುದಲ್ಲ. ವಿಷ ಸುರಿದರೆ ಉಳಿದಿರುವ ನಾಲ್ಕು ಊರ ಹುಳುಗಳೂ ಸಾಯುತ್ತವೆ, ವಿಷ ಬಾವಿಗೂ ಇಳಿದೀತು. ಮಾಡಬೇಕಾದ ಕೆಲಸ ಸರಳ. ಎಲೆ ಸುಡುವುದನ್ನು ನಿಲ್ಲಿಸಿ ಮರದ ಬುಡಕ್ಕೆ ಹಾಕಿ. ಕಳೆನಾಶಕದ ಬದಲು ಹುಲ್ಲನ್ನು ಕತ್ತಿಯಿಂದ ಸವರಿ ಅಲ್ಲೇ ಬಿಡಿ. ರಬ್ಬರ್, ಅಡಿಕೆ ಯಾವುದೇ ಇರಲಿ, ಬದಿಯಲ್ಲಿ ಹಲಸು, ಗೊಬ್ಬರಗಿಡ ಮೊದಲಾದ ಬೇರೆ ಮರಗಳಿಗೂ ಜಾಗ ಬಿಡಿ. ಗುಡ್ಡೆಯ ತುದಿಯಲ್ಲಿ ಉಳಿದಿರುವ ಸ್ವಲ್ಪ ಕಾಡನ್ನು ಮುಟ್ಟದಿರಿ. ಕೆಟ್ಟ ಮಣ್ಣನ್ನು ಸರಿಪಡಿಸುವ ಕೆಲಸಗಾರರು ಅಲ್ಲಿಂದಲೇ ಬರಬೇಕು. ನರ್ಸರಿಯ ಗಿಡ ತಂದಾಗ ತೊಟ್ಟೆಯ ಮಣ್ಣನ್ನು ಬಿಡಿಸಿ ನೋಡಿ, ಹುಳುವಿದ್ದರೆ ಹೆಕ್ಕಿ ತೆಗೆಯಿರಿ. ಗಾಳಕ್ಕೆ ಒಯ್ದು ಉಳಿದ ಹುಳುವನ್ನು ಕಾಡಿನ ಹೊಳೆಯ ದಡದಲ್ಲಿ ಬಿಟ್ಟು ಬರಬೇಡಿ.

ಕೃಷಿಭವನದ ಅಧಿಕಾರಿಗಳಲ್ಲೂ ಪಂಚಾಯತಿನವರಲ್ಲೂ ನಮ್ಮದೊಂದು ವಿನಂತಿ. ಎರೆಗೊಬ್ಬರದ ತರಬೇತಿ ಕೊಡುವಾಗ ಹುಳುಗಳ ಬಗೆಗಳನ್ನೂ ಗುರುತಿಸಲು ಕಲಿಸಿರಿ. ಗಿಡ ಹಂಚುವ ನರ್ಸರಿಗಳ ಮಣ್ಣನ್ನು ಪರೀಕ್ಷಿಸಿರಿ. ಕುಟುಂಬಶ್ರೀ ಘಟಕಗಳು ಹುಳು ಮಾರುವುದಕ್ಕಿಂತ ಗೊಬ್ಬರ ಮಾರುವುದಕ್ಕೆ ಪ್ರೋತ್ಸಾಹ ಕೊಡಿರಿ. ಇದಕ್ಕೆ ದೊಡ್ಡ ಯೋಜನೆಯಾಗಲಿ ದೊಡ್ಡ ಹಣವಾಗಲಿ ಬೇಕಿಲ್ಲ.

ಭೂಮಿಯನ್ನು ನಾವು ಹಿರಿಯರಿಂದ ಪಡೆದೆವು, ಮಕ್ಕಳಿಗೆ ಕೊಟ್ಟುಹೋಗಬೇಕು. ಪಟ್ಟೆಯಲ್ಲಿ ಎಷ್ಟು ಸೆಂಟ್ಸ್ ಇದೆ ಎಂಬುದನ್ನು ನಾವು ಚೆನ್ನಾಗಿ ಬಲ್ಲೆವು. ಆ ಸೆಂಟ್ಸಿನ ಒಳಗೆ ಎಷ್ಟು ಬಗೆಯ ಜೀವಗಳಿವೆ ಎಂಬುದನ್ನೂ ಈ ಮಳೆಗಾಲದಲ್ಲಿ ಒಮ್ಮೆ ಗುಂಡಿ ತೆಗೆದು ನೋಡೋಣ.